ರೊಟ್ಟಿ ಬಡಿಯುವ ಕೈಗೆ ಹಳದೀಪುರದ ಹದ

ಕಡಲತೀರದ ಈ ಊರಿಗೆ ಬಂದ ಮರುದಿನ ಬೆಳಿಗ್ಗೆ ಉಪ್ಪಿನ ಡಬ್ಬಿಯ ಮುಚ್ಚಳ ತೆಗೆದರೆ ಒಳಗೆ ನೀರು. ಯಾರೂ ಹಾಕಿದ್ದಲ್ಲ, ರೋಣದಿಂದ ಕಟ್ಟಿಕೊಂಡು ಬಂದ ಉಪ್ಪು ಗಾಳಿಯನ್ನೇ ಕುಡಿದು ಕೆಸರಾಗಿ ಕೂತಿತ್ತು. ಬೆಂಕಿಕಡ್ಡಿ ಗೀರಿದರೆ ಮದ್ದು ಉದುರಿತೇ ಹೊರತು ಹತ್ತಲಿಲ್ಲ. ನಮ್ಮ ಗದಗ ಸೀಮೆಯಲ್ಲಿ ಹಿಂಡಿ ಹಾಕಿದ ಸೀರೆ ಮಾತಾಡುವಷ್ಟರಲ್ಲಿ ಗರಿಗರಿಯಾಗುತ್ತದೆ. ಇಲ್ಲಿ ಮೂರನೆಯ ದಿನವೂ ಮುಟ್ಟಿದರೆ ತಣ್ಣಗೆ. ಮನುಷ್ಯರೂ ಸದಾ ಅರ್ಧ ಒದ್ದೆ.

ಗಂಡನಿಗೆ ಹೊನ್ನಾವರದ ಸುತ್ತಮುತ್ತ ಗೋಡೆ ಕಟ್ಟುವ ಕೆಲಸ ಸಿಕ್ಕಿತ್ತು. ಹಳದೀಪುರದಲ್ಲಿ ಗಿರಿಜಕ್ಕ ಎಂಬವರ ತೆಂಗಿನ ಹಿತ್ತಲಲ್ಲಿ ಎರಡು ಕೋಣೆ ಹಿಡಿದೆವು. ಬಾಡಿಗೆ ಮಾತಾಡಲು ನಾನೇ ಕೂತೆ. ಅವರು ಒಂದು ರೂಪಾಯಿ ಇಳಿಸಲಿಲ್ಲ. ಹೋಗಲಿ ಎಂದು ವಾರಕ್ಕೆರಡು ತೆಂಗಿನಕಾಯಿ ಸೇರಿಸಿಕೊಂಡು ಎದ್ದೆ. ಹೊಸ ಊರಿಗೆ ಹೊರಟವರಿಗೆ ನನ್ನ ಮೊದಲ ಮಾತು ಇದೇ: ಬಾಡಿಗೆ ಇಳಿಯದಿದ್ದರೆ ಬೇರೇನಾದರೂ ಕೇಳಿ, ಬರಿಗೈಲಿ ಮಾತ್ರ ಏಳಬೇಡಿ.

ಇಲ್ಲಿ ರಸ್ತೆ ಕೆಲಸಕ್ಕೆ ಬಂದ ನಮ್ಮ ಕಡೆಯ ಹುಡುಗರು ಅನ್ನ ತಿಂದು ಬೇಸತ್ತಿದ್ದರು. ಅದನ್ನು ನೋಡಿದ ಮೇಲೆ ಸುಮ್ಮನಿರುವವಳಲ್ಲ ನಾನು. ಊರಿಂದ ಜೋಳದ ಹಿಟ್ಟು ತರಿಸಿ, ಹೊನ್ನಾವರದ ಬಸ್‌ಸ್ಟ್ಯಾಂಡಿನ ಹತ್ತಿರ ಕ್ಯಾಂಟೀನು ನಡೆಸುವ ಗಣಪಣ್ಣನಿಗೆ ದಿನಾ ರೊಟ್ಟಿ ಕೊಡತೊಡಗಿದೆ. ಎಲ್ಲ ಸುಸೂತ್ರ ನಡೆದಿತ್ತು, ನನ್ನ ಕೈ ಕೈಕೊಡುವವರೆಗೆ.

ನನಗೆ ಚಿಕ್ಕಂದಿನಿಂದ ಇಸುಬು. ಡಾಕ್ಟರರು ಎಕ್ಸಿಮಾ ಎನ್ನುತ್ತಾರೆ. ಊರಲ್ಲಿ ಅದು ಚಳಿಗಾಲದ ನೆಂಟ. ಬಂದು, ನಾಲ್ಕು ಬೆರಳು ಒಡೆದು, ಯುಗಾದಿಯ ಹೊತ್ತಿಗೆ ಹೊರಟುಹೋಗುತ್ತಿತ್ತು. ಇಲ್ಲಿ ಬಂದದ್ದು ಹೋಗಲೇ ಇಲ್ಲ. ಬೆರಳಸಂದಿಯಲ್ಲಿ ಸಣ್ಣ ನೀರುಗುಳ್ಳೆ, ತುರಿಕೆ, ಆಮೇಲೆ ಬಿರುಕು. ಒಂದು ಬೆಳಿಗ್ಗೆ ಬುಟ್ಟಿ ಇಳಿಸುವಾಗ ಗಣಪಣ್ಣ ನೋಡಿಬಿಟ್ಟ.

"ಇದೆಂತದು ಮಾರಾಯ್ತಿ? ಕಜ್ಜಿಯಾ?"

"ಕಜ್ಜಿ ಅಲ್ರಿ ಅಣ್ಣಾ, ಇಸುಬು. ಯಾರಿಗೂ ಅಂಟೂದಿಲ್ಲ."

"ನಂಗೆ ಹೇಳಿದ್ರೆ ಆತು. ತಿನ್ನೂಕೆ ಬಂದವ್ರಿಗೆ ಯಾರು ಹೇಳ್ತ್ರು? ಕೈ ಸರಿ ಮಾಡ್ಕಂಡು ಬಾ. ಅಲ್ಲಿವರೆಗೆ ರೊಟ್ಟಿ ಬ್ಯಾಡ. ಒಂದ್ ವಾರ ಕಾಯ್ತೆ, ಆಮೇಲೆ ಕುಮಟೆಯಿಂದ ಮಿಶಿನ್ ರೊಟ್ಟಿ ತರಿಸ್ತೆ."

"ಎರಡು ತಿಂಗಳ ಕೊಡ್ರಿ."

"ಎಂತ, ಬಾಣಂತನವಾ? ಒಂದ್ ತಿಂಗಳು. ಆತಾ?"

ಆತು ಎಂದೆ. ನನಗೆ ಬೇಕಾಗಿದ್ದೂ ಒಂದೇ ತಿಂಗಳು. ಆದರೆ ತುಂಬಿದ ಬುಟ್ಟಿಯನ್ನೇ ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ವಾಪಸು ಬಂದೆ. ಆ ರೊಟ್ಟಿ ಹೋದರೆ ಈ ಊರಲ್ಲಿ ನಾನು ಯಾರು? ಗೌಂಡಿಯ ಹೆಂಡತಿ, ಅಷ್ಟೇ.

ಗಿರಿಜಕ್ಕ ಕೈ ನೋಡಿದವರೇ ಪಥ್ಯ ಹೇಳಿದರು. ಇಲ್ಲಿಯವರ ಬಾಯಲ್ಲಿ ನಂಜು ಎಂಬ ಮಾತು ಬಹಳ. ಚರ್ಮದ ರೋಗ ಕೆರಳಿಸುವ ತಿನಿಸಿಗೆಲ್ಲ ಅದೇ ಹೆಸರು.

"ಬದನೆಕಾಯಿ ನಂಜು, ಶೇಂಗಾ ನಂಜು, ತಿನ್ನೂಕಾಗ. ಶೆಟ್ಲಿ ಮುಟ್ಟೂಕಾಗ." ಶೆಟ್ಲಿ ಎಂದರೆ ಸಿಗಡಿ.

"ನಾವು ಶೆಟ್ಲಿ ತಿನ್ನೂದಽ ಇಲ್ಲಲ್ರಿ ಅಕ್ಕಾ."

"ಹಂಗಾರೆ ಅರ್ಧ ರೋಗ ಇವತ್ತೇ ಹೋತು!"

ಬದನೆಕಾಯಿ, ಶೇಂಗಾ ಬಿಡುವುದೆಂದರೆ ನಮ್ಮ ಕಡೆಯವರಿಗೆ ಏನೆಂದು ನಿಮಗೆ ಹೇಳಬೇಕಿಲ್ಲ. ಆದರೂ ಬಿಟ್ಟೆ. ಕೈಗೆ ಮುರುಗಲ ತುಪ್ಪ ಹಚ್ಚು ಎಂದೂ ಹೇಳಿದರು. ಮುರುಗಲು ಎಂಬ ಹುಳಿಹಣ್ಣಿನ ಬೀಜದಿಂದ ತೆಗೆಯುವ ಕೊಬ್ಬು ಅದು, ಮೇಣದ ಹಾಗೆ ಗಟ್ಟಿ.

ಕುಮಟೆಯ ಸಂತೆಗೆ ಹೋದೆ. ಮಾರುವ ಮುದುಕ ಹೆಬ್ಬೆರಳ ಗಾತ್ರದ ತುಂಡಿಗೆ ಹೇಳಿದ ಬೆಲೆ ಕೇಳಿ ಎದೆ ಒಡೆಯಿತು. ಪಕ್ಕದಲ್ಲೇ ಕಪ್ಪು ಎಣ್ಣೆಯ ಬಾಟಲಿ ಇತ್ತು. ಏನೆಂದು ಕೇಳಿದೆ. "ಗೇರೆಣ್ಣೆ, ಗೇರುಬೀಜದ ಸಿಪ್ಪೆದು. ಗದ್ದೆ ಕೆಲಸದವ್ರು ಒಡೆದ ಹಿಮ್ಮಡಿಗೆ ಹಾಕ್ತ್ರು" ಎಂದ. ಒಡೆದ ಹಿಮ್ಮಡಿ ಕೂಡುವುದಾದರೆ ಒಡೆದ ಬೆರಳೇನು ಮಹಾ ಎಂದು ಲೆಕ್ಕ ಹಾಕಿ, ಎಳೆದಾಡಿ, ಆ ತುಂಡಿನ ಬೆಲೆಗೆ ತುಂಬಿದ ಬಾಟಲಿಯನ್ನೇ ತಂದೆ. "ಕಾಲಿಗೆ ಮಾತ್ರ ಹಾಂ" ಎಂದು ಅವನು ಹಿಂದಿನಿಂದ ಕೂಗಿದ್ದು ಕೇಳಿತ್ತು. ಗೆದ್ದವಳಿಗೆ ಅದೆಲ್ಲ ಎಲ್ಲಿ ಲಕ್ಷ್ಯ?

ಹಚ್ಚಿದ ಮರುದಿನ ಅಂಗೈ ಬೊಬ್ಬೆ ಎದ್ದು, ಉರಿಗೆ ನಾನು ಬಾವಿಕಟ್ಟೆಯ ಮೇಲೆ ಕೂತು ಅತ್ತೆ. ಗಿರಿಜಕ್ಕ ಬಾಟಲಿ ಮೂಸಿ ತಲೆ ಚಚ್ಚಿಕೊಂಡರು.

"ಮಳ್ಳೇ! ಇದು ಮಾಡಿನ ಮರಕ್ಕೆ ಗೆದ್ದಲು ಹತ್ತಬಾರ್ದು ಅಂತ ಬಳಿಯೂದು! ನೀನೆಂತ ಜಂತಿಯಾ, ತೊಲೆಯಾ?"

ಅವರೇ ನನ್ನನ್ನು ಬಸ್ಸು ಹತ್ತಿಸಿ ಆಸ್ಪತ್ರೆಗೆ ಕರೆದುಕೊಂಡು ಹೋದರು. ಡಾಕ್ಟರಮ್ಮ ಮುಲಾಮು ಬರೆದು, ಎಷ್ಟು ದಿನ ಎಂದು ಗೆರೆ ಎಳೆದು ತೋರಿಸಿ, ಒಂದೇ ಪ್ರಶ್ನೆ ಕೇಳಿದರು: "ದಿನಕ್ಕೆ ಎಷ್ಟು ಸಲ ಕೈಗೆ ಸೋಪು ತಾಗ್ತದೆ?" ನಾನು ಎಣಿಸಿರಲೇ ಇಲ್ಲ. ರೊಟ್ಟಿಯ ಹಿಟ್ಟು ಕಲಸುವ ಪರಾತ, ಹಂಚು, ಬುಟ್ಟಿ, ಮನೆಯ ಪಾತ್ರೆ, ಬಟ್ಟೆ. ಊರಲ್ಲಿ ನೀರಿಗೆ ಬರ, ಕೈ ಒಣಗಿರುತ್ತಿತ್ತು. ಇಲ್ಲಿ ಬಾವಿ ತುಂಬ ನೀರು ಕಂಡು ದಿನವಿಡೀ ತೊಳೆದದ್ದೇ ತೊಳೆದದ್ದು.

ಅಂಟುರೋಗವಲ್ಲ ಎಂದು ಚೀಟಿ ಬರೆಸಿಕೊಂಡು ಗಣಪಣ್ಣನಿಗೆ ತೋರಿಸಿದೆ. "ಚೀಟಿ ತಟ್ಟೆಗೆ ಹಾಕ್ಲಾ? ಕೈ ತೋರ್ಸು" ಎಂದ.

ಸರಿ, ಕೈಯನ್ನೇ ತೋರಿಸುವ ಹಟ ಹಿಡಿದೆ. ಮೊದಲು ಗಂಡನ ಜೊತೆ ವ್ಯವಹಾರ. ಪಾತ್ರೆ ಇನ್ನು ಮೇಲೆ ನಿನ್ನದು ಎಂದೆ. "ಮಂದಿ ನೋಡಿದ್ರ ಏನಂತಾರ?" ಎಂದ. "ರೊಟ್ಟಿ ನಿಂತ್ರ ಮಂದಿ ಉಣ್ಣಾಕ ಹಾಕ್ತಾರೇನು?" ಎಂದೆ. ಬಾವಿಕಟ್ಟೆಯಲ್ಲಿ ಅವನು ಪರಾತ ತಿಕ್ಕುವಾಗ ಗಿರಿಜಕ್ಕ ತಮ್ಮ ಮನೆಯವರನ್ನು ಕರೆದು ತಂದು ನೋಡಿ ಕಲೀರಿ ಎಂದರು. ಅವರು ಕಲಿಯಲಿಲ್ಲ.

ಇಸುಬು ಇರುವವರು ಇದನ್ನು ಗಮನವಿಟ್ಟು ಓದಿ. ಗಾಯ ಹಸಿಯಿರುವಾಗ ಮನೆಮದ್ದು ಮುಟ್ಟಬೇಡಿ, ಡಾಕ್ಟರು ಕೊಟ್ಟದ್ದನ್ನು ಅವರು ಹೇಳಿದಷ್ಟೇ ದಿನ ಹಚ್ಚಿ. ಬೊಬ್ಬೆ ಆರಿ ಚರ್ಮ ಕೂಡಿದ ಮೇಲೆಯೇ ನಾನು ಮುರುಗಲ ತುಪ್ಪ ತಂದದ್ದು. ಈ ಸಲ ಬೆಲೆಯ ಮಾತೆತ್ತಲಿಲ್ಲ. ಕೈ ತೊಳೆದು, ಒತ್ತಿ ಒರೆಸಿ, ಸ್ವಲ್ಪ ತೇವ ಇರುವಾಗಲೇ ತೆಳ್ಳಗೆ ಸವರಬೇಕು. ಸ್ನಾನಕ್ಕೆ ಬಿಸಿಬಿಸಿ ನೀರು ಬೇಡ, ಉಗುರು ಉದ್ದ ಬೇಡ. ಹಿಟ್ಟಿಗೆ ಕುದಿಯುವ ನೀರು ಹಾಕಿದಾಗ ಕೈ ಇಳಿಸದೆ ಮರದ ಸೌಟಲ್ಲಿ ಕಲಸಿ. ಪ್ಲಾಸ್ಟಿಕ್ ಕೈಗವಸು ಹಾಕಿ ನೋಡಿದೆ; ಒಳಗೆ ಬೆವರಿ ಇನ್ನಷ್ಟು ತುರಿಸಿತು, ಬಿಸಾಡಿದೆ.

ಪಥ್ಯದ ಮಾತು ಬೇರೆ. ಎಲ್ಲವನ್ನೂ ಒಮ್ಮೆಗೇ ಬಿಟ್ಟರೆ ಸೊರಗುತ್ತೀರಿ, ಯಾವುದು ತಪ್ಪಿತಸ್ಥ ಎಂದೂ ತಿಳಿಯುವುದಿಲ್ಲ. ನಾನು ಆಮೇಲೆ ಬದನೆಕಾಯಿ ಒಂದನ್ನೇ ಒಂದು ವಾರ ತಿಂದು ನೋಡಿದೆ, ಮುಂದಿನ ವಾರ ಶೇಂಗಾ. ಎರಡೂ ನಿರಪರಾಧಿಗಳು. ನಿಮ್ಮ ಮೈ ಬೇರೆ ಹೇಳಬಹುದು, ಅದನ್ನೇ ಕೇಳಿ. ಗಿರಿಜಕ್ಕ ಮಾತ್ರ ಇಂದಿಗೂ ನನ್ನ ಎಣ್ಣೆಗಾಯಿಯನ್ನು ಹಾವು ಕಂಡಂತೆ ನೋಡುತ್ತಾರೆ.

ತಿಂಗಳು ತುಂಬುವ ದಿನ ಕ್ಯಾಂಟೀನಿಗೆ ಹೋಗಿ ಎರಡೂ ಕೈ ಚಾಚಿದೆ. ಗಣಪಣ್ಣ ಬೆಳಕಿಗೆ ಹಿಡಿದು, ಮಗುಚಿ, ಬೆರಳು ಬಿಡಿಸಿ ನೋಡಿದ.

"ನಾಳೆಂದ ತಾ."

"ಮೊದಲಿಗಿಂತ ಇಪ್ಪತ್ತು ಹೆಚ್ಚು ತರ್ತೀನಿ."

"ಮಾರಾಯ್ತಿ, ಕೈ ಒಂದ್ ವಾಸಿ ಆತು, ಬಾಯಿ ಹಂಗೇ ಅದೆ!"

ಇಪ್ಪತ್ತನ್ನೂ ತೆಗೆದುಕೊಂಡ.

ಮೊನ್ನೆ ಚಳಿಯಲ್ಲಿ ತಂಗಿಯ ಮಗಳ ಮದುವೆಗೆಂದು ರೋಣಕ್ಕೆ ಹೋಗಿದ್ದೆ. ಹೆಂಗಸರ ಸಾಲಿನಲ್ಲಿ ಕೂತು ರೊಟ್ಟಿ ಬಡಿಯುವುದು, ಹಾಡು, ನಗೆ, ನನ್ನ ಭಾಷೆಯಲ್ಲೇ ಬೈಗುಳ, ಹೊಟ್ಟೆ ತಣ್ಣಗಾಯಿತು. ಅಕ್ಕ ಶಾಂತವ್ವ ಬಿಡಲೊಲ್ಲಳು: "ಇಲ್ಲೇ ಒಂದು ಖಾನಾವಳಿ ಹಾಕು. ಆ ಉಪ್ಪುನೀರಿನ ಊರಾಗ ಏನೈತಿ?" ನನಗೂ ಆಸೆ ಹುಟ್ಟಿತ್ತು. ಮೂರನೆಯ ದಿನ, ಹಳದೀಪುರದ ತೇವಕ್ಕೆ ಪಳಗಿದ್ದ ಬೆರಳ ಗೆಣ್ಣು ಒಣಗಾಳಿಗೆ ಬಿರಿದು, ಹಿಟ್ಟಿನ ಮೇಲೆ ಒಂದು ಹನಿ ಕೆಂಪು ಬಿತ್ತು. ಆ ಮುದ್ದೆಯನ್ನು ಬೇರೆ ತೆಗೆದಿಟ್ಟು ಕೈ ಸೆರಗಿನಲ್ಲಿ ಸುತ್ತಿಕೊಂಡೆ. ಅಕ್ಕ ನೋಡಿದಳು.

"ಹಂಗಾರ ನೀ ಯಾವೂರಾಕಿ ಈಗ?"

"ತಿನ್ನೂಮುಂದ ರೋಣದಾಕಿ. ಬಡಿಯೂಮುಂದ ಅಲ್ಲಿಯಾಕಿ."

ಹೊರಡುವ ದಿನ ಅಕ್ಕ ತಾನೇ ಹಸನು ಮಾಡಿದ ಜೋಳದ ಚೀಲವನ್ನು ಬಸ್ಸಿಗೆ ಹಾಕಿಸಿ, ದುಡ್ಡು ಕೊಡಹೋದರೆ ಕೈ ಸರಿಸಿದಳು. ನಾನೂ ಚೌಕಾಸಿಯ ಒಂದು ಮಾತೂ ಆಡದೆ ತೆಗೆದುಕೊಂಡೆ.