ಪದ್ಯಕ್ಕೆ ಮೊದಲೇ ಬೆಲ್ ಹೊಡೆದವನು

ಕಳೆದ ಭಾನುವಾರ ಬ್ರಹ್ಮಾವರದ ಒಂದು ಮನೆಗೆ ಒಬ್ಬರ ಧ್ವನಿಯನ್ನು ತಲುಪಿಸಲು ಹೋಗಿದ್ದೆ. ಬರಿಗೈಯಲ್ಲಿ ಹೋಗಿದ್ದೇನೆ ಅಂತ ಗೊತ್ತಾದದ್ದು ಚಾ ಕುಡಿದು ಕಪ್ಪು ಕೆಳಗಿಟ್ಟ ಮೇಲೆ.

ನಾನು ಮಿಮಿಕ್ರಿ ಮಾಡುವವನು ಎಂಬುದು ನಿಮಗೆ ಗೊತ್ತೇ ಇದೆ. ಬಸ್ ಕಂಡಕ್ಟರ್, ಮದುವೆ ಪುರೋಹಿತರು, ಮೈಕ್ ಬಿಡದ ಅಧ್ಯಕ್ಷರು, ಯಾರನ್ನೂ ಬಿಟ್ಟವನಲ್ಲ. (ನನ್ನ ಗೊರಕೆಯನ್ನೂ ಬಿಟ್ಟಿಲ್ಲ. ಒರಿಜಿನಲ್‌ಗೆ ಹತ್ತಿರ ಇರುವುದು ಅದೊಂದೇ ಅಂತ ತಂಗಿಯ ಅಭಿಪ್ರಾಯ.) ಆದರೆ ಹೆಚ್ಚು ಚಪ್ಪಾಳೆ ಬೀಳುವುದು ಕುಂದಾಪುರದ ಕಾಲೇಜಿನಲ್ಲಿ ನಮಗೆ ಪಾಠ ಮಾಡಿದ ಇಂಗ್ಲಿಷ್ ಸರ್ ಐಟಂಗೆ.

ಸರ್ ಬರುತ್ತಾರೆ. ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸುತ್ತಾರೆ. ಎರಡು ಸಲ ಕೆಮ್ಮುತ್ತಾರೆ. ಮೂಗಿನಲ್ಲೇ ಹಾಜರಿ ಕರೆಯುತ್ತಾರೆ. ಪುಸ್ತಕ ಎತ್ತಿ ಇನ್ನೇನು ಪದ್ಯ ಶುರು ಮಾಡಬೇಕು, ಅಷ್ಟರಲ್ಲಿ ಟಣ್ ಟಣ್ ಟಣ್. ಕ್ಲಾಸ್ ಮುಗಿಯಿತು. ಸಭೆ ಬಿದ್ದು ಬಿದ್ದು ನಗುತ್ತದೆ. ಆ ಬೆಲ್ಲೂ ನನ್ನ ಬಾಯಿಯದೇ.

ಹೋದ ತಿಂಗಳು ಕುಂದಾಪುರದ ಒಂದು ಮದುವೆಯಲ್ಲಿ ಇದನ್ನೇ ಮಾಡಿ, ಸ್ಟೇಜ್ ಇಳಿದು ಊಟದ ಹಾಲ್ ಕಡೆ ಓಡುತ್ತಿದ್ದೆ. ಹಿಂದಿನಿಂದ ಒಬ್ಬರು ಕರೆದರು.

"ಹ್ವಾಯ್, ನೀವೇ ಅಲ್ದಾ ನಮ್ಮನಿಯವ್ರಂಗೆ ಮಾತಾಡುದ್?"

ಸರ್ ಹೆಂಡತಿ, ಜಲಜಕ್ಕ. ಬೈಗುಳಕ್ಕೆ ತಲೆ ತಗ್ಗಿಸಿ ನಿಂತೆ. ಅವರು ಬೈಯಲಿಲ್ಲ.

"ಅವ್ರಿಗೆ ಗಂಟ್ಲ್ ಆಪರೇಷನ್ ಆಯಿ ವರ್ಷ ಆಯ್ತ್. ಸ್ವರ ಪೂರಾ ಹೋಯ್ತ್. ನೀವ್ ಒಂದ್ ಸಲ ಮನಿಗೆ ಬನ್ನಿ."

ನನಗೆ ಗೊತ್ತಿರಲಿಲ್ಲ. ಆ ಒಂದು ವರ್ಷದಲ್ಲಿ ಎಷ್ಟು ಸ್ಟೇಜಿನಲ್ಲಿ ಅವರ ಹಾಗೆ ಕೆಮ್ಮಿದ್ದೆನೋ.

ಹೋದೆ. ಸರ್ ಕುತ್ತಿಗೆಗೆ ಬಿಳಿ ಬಟ್ಟೆ ಸುತ್ತಿಕೊಂಡು ಜಗಲಿಯಲ್ಲಿ ಕೂತಿದ್ದರು. ಎದ್ದು ಬಂದು ಕೈ ಹಿಡಿದುಕೊಂಡರು. ಚಾ ಆದ ಮೇಲೆ ಜಲಜಕ್ಕ ವಿಷಯಕ್ಕೆ ಬಂದರು.

"ಇವ್ರ್ ಕಾಲೇಜಲ್ಲಿ ಇಂಗ್ಲಿಷ್ ಪದ್ಯ ಹೇಳ್ರೆ ಮಕ್ಕಳೆಲ್ಲ ಉಸ್ರ್ ಬಿಡ್ದೆ ಕೇಂತಿದ್ರ್ ಅಂಬ್ರ್. ನಾನ್ ಒಂದಿನವೂ ಕೇಂಡದ್ದಿಲ್ಲೆ. ಮನ್ಯಂಗೆ ಇವ್ರ್ ಮಾತಾಡ್ತಿದ್ದದ್ ಎರಡೇ. 'ನೀರ್ ಬಿಸಿ ಆಯ್ತಾ', 'ಇವತ್ತ್ ಮೀನ್ ಎಂತ'."

ಸರ್ ಭುಜ ಕುಣಿಸಿ ಸದ್ದಿಲ್ಲದೆ ನಕ್ಕರು.

"ಆ ಸ್ವರ ನಂಗೂ ಒಂದ್ ಸಲ ಕೇಣ್ಕ್ ಮಾಣಿ. ನಂಗೆ ಇಂಗ್ಲಿಷ್ ಬತ್ತಿಲ್ಲೆ. ಅರ್ಥ ಬ್ಯಾಡ, ಸ್ವರ ಸಾಕ್."

(ಉಸಿರು ಬಿಡದೆ ಕೇಳುತ್ತಿದ್ದ ಮಕ್ಕಳು ಯಾವ ಬೆಂಚಿನಲ್ಲಿದ್ದರೋ. ನಮ್ಮ ಬೆಂಚಿನಲ್ಲಂತೂ ಇರಲಿಲ್ಲ.)

ಎದ್ದು ನಿಂತೆ. ಕನ್ನಡಕ ಒರೆಸಿದೆ, ಕೆಮ್ಮಿದೆ, ಹಾಜರಿ ಕರೆದೆ. ಜಲಜಕ್ಕ ಸೆರಗು ಬಾಯಿಗೆ ಹಿಡಿದು ನಕ್ಕರು. ಸರ್ ಕೂಡ. ಹುರುಪಿನಲ್ಲಿ ಪುಸ್ತಕ ಎತ್ತಿದ ಹಾಗೆ ಮಾಡಿದೆ. ಮತ್ತೆ ಬಾಯಿ ತನ್ನಷ್ಟಕ್ಕೇ ಟಣ್ ಟಣ್ ಟಣ್ ಅಂದಿತು.

"ಬೆಲ್ ಬ್ಯಾಡ," ಅಂದರು ಜಲಜಕ್ಕ. "ಪದ್ಯ ಹೇಳ್."

ಯಾವ ಪದ್ಯ? ಸರ್ ಪಾಠ ಮಾಡಿದ ಹಳೆಯ ಇಂಗ್ಲಿಷ್ ಕವಿಗಳದ್ದೆಲ್ಲ ಒಂದೇ ಜಗಳ, ಕಾಲದ ಜೊತೆ. ಕಾಲ ಅರಮನೆ ಕೆಡವುತ್ತಾನೆ, ಕೆನ್ನೆಯ ಬಣ್ಣ ಕದಿಯುತ್ತಾನೆ, ಆದರೆ ನಲ್ಲೆ, ನಿನ್ನ ಮೇಲೆ ನಾನು ಬರೆದ ಸಾಲನ್ನು ಮುಟ್ಟಲಾರ. ಅದನ್ನು ಓದುವವರು ಇರುವ ತನಕ ನಿನಗೆ ಸಾವಿಲ್ಲ. (ವಿಮೆ ಏಜೆಂಟ್ ಕೂಡ ಇಷ್ಟು ಧೈರ್ಯವಾಗಿ ಮಾತು ಕೊಡಲಾರ.) ಇದಿಷ್ಟು ನನಗೆ ಗೊತ್ತಿರುವುದು ಗೈಡ್‌ನಿಂದ. ಐದು ಮಾರ್ಕಿನ ಪ್ರಶ್ನೆ. ಸರ್ ಬಾಯಿಂದ ಕೇಳಿದ ಒಂದು ಸಾಲೂ ತಲೆಯಲ್ಲಿರಲಿಲ್ಲ. ಅವರು ಪದ್ಯ ಹೇಳುವಾಗ ನಾನು ಬೆಂಚಿನ ಕೆಳಗೆ ಅವರ ಕೆಮ್ಮನ್ನು ಪ್ರಾಕ್ಟೀಸ್ ಮಾಡುತ್ತಿದ್ದೆ.

ಸರ್‌ಗೆ ಅರ್ಥವಾಯಿತು. ಒಳಗೆ ಹೋಗಿ ಪುಸ್ತಕ ತಂದು ಪುಟ ತೆಗೆದು ಕೊಟ್ಟರು. ಅವರ ಮೂಗಿನ ಸ್ವರದಲ್ಲೇ ಓದಿದೆ. ಕುರ್ಚಿಯ ಕೈ ಮೇಲೆ ಸರ್ ಎರಡು ಬೆರಳಿನಲ್ಲಿ ತಾಳ ಹಾಕಿದರು. ಅವರು ನಿಲ್ಲುವಲ್ಲಿ ನಾನು ಓಡಿದೆ, ಅವರು ಮೆಲ್ಲಗೆ ಇಳಿಯುವಲ್ಲಿ ನಾನು ಕಿರುಚಿದೆ. ಸ್ವಲ್ಪ ಹೊತ್ತಿಗೆ ಬೆರಳು ನಿಂತಿತು. ಅವರ ತುಟಿ ಮಾತ್ರ ಸದ್ದಿಲ್ಲದೆ ಪದ್ಯ ಹೇಳುತ್ತಿತ್ತು. ಜಲಜಕ್ಕ ನನ್ನನ್ನು ಬಿಟ್ಟು ಆ ತುಟಿಯನ್ನೇ ನೋಡುತ್ತಿದ್ದರು.

"ಸಾಕ್ ಮಾಣಿ," ಅಂದರು ಕೊನೆಗೆ. "ಇದ್ ನೀನ್. ಇವ್ರಲ್ಲ."

ಸರ್ ಹೆಂಡತಿಯ ಕಡೆ ಕಣ್ಣು ಬಿಟ್ಟು, ಗೋಳಿಬಜೆಯ ತಟ್ಟೆಯನ್ನು ನನ್ನತ್ತ ದೂಡಿದರು. (ಪರೀಕ್ಷೆಯಲ್ಲೂ ಹೀಗೇ ಗ್ರೇಸ್ ಮಾರ್ಕು ಕೊಡುತ್ತಿದ್ದರು.)

ಗೇಟಿನವರೆಗೆ ಬಂದ ಜಲಜಕ್ಕ ತಗ್ಗಿದ ಸ್ವರದಲ್ಲಿ ಕೇಳಿದರು. "ಆ ಕ್ಲಾಸಂಗೆ ಕಿವಿ ಕೊಟ್ಟ್ ಕೇಂಡವ್ರ್ ಮತ್ತ್ ಯಾರಾರೂ ಇದ್ರಾ?"

ಬಸ್ಸಿನಿಂದಲೇ ಬೈಂದೂರಿನ ಗೆಳೆಯನಿಗೆ ಫೋನ್ ಮಾಡಿದೆ. ಕಾಲೇಜಿನಲ್ಲಿ ನನ್ನ ಪಕ್ಕದಲ್ಲೇ ಕೂರುತ್ತಿದ್ದವನು.

"ಸರ್ ಪದ್ಯ ಹೇಳ್ತಿದ್ದದ್ದ್ ನೆನಪಿತ್ತಾ?"

"ಇಲ್ದೆ ಎಂತ ಮರಾಯ," ಅಂದವನೇ ಎರಡು ಸಲ ಕೆಮ್ಮಿದ.

ಅದು ಸರ್ ಕೆಮ್ಮೂ ಆಗಿರಲಿಲ್ಲ. ನಗು ಜಾಸ್ತಿ ಬರಲಿ ಅಂತ ಸ್ಟೇಜಿನಲ್ಲಿ ನಾನು ಎಳೆದು ಉದ್ದ ಮಾಡಿಕೊಂಡ ಕೆಮ್ಮು. ಇನ್ನೂ ಇಬ್ಬರಿಗೆ ಫೋನ್ ಮಾಡಿದೆ. ಇಬ್ಬರೂ ಹಾಗೇ ಕೆಮ್ಮಿದರು. ಕಲೆ ಕಾಲವನ್ನು ಗೆಲ್ಲುತ್ತದೆ ಅಂತ ಗೈಡ್ ನೋಡಿ ಬರೆದಿದ್ದೆನಲ್ಲ, ಗೆದ್ದಿದೆ. ನನ್ನ ಕಲೆ ಗೆದ್ದು, ಒಬ್ಬ ಮೇಷ್ಟ್ರನ್ನು ಅಷ್ಟೂ ತಲೆಗಳಿಂದ ಅಳಿಸಿ ಹಾಕಿದೆ.

ಜಲಜಕ್ಕ ಕಾಯುತ್ತಿದ್ದಾರೆ. ಇದನ್ನು ಓದುತ್ತಿರುವವರಲ್ಲಿ ಸರ್ ಪದ್ಯವನ್ನು ನಿಜವಾಗಿ ಕೇಳಿಸಿಕೊಂಡವರು ಒಬ್ಬರಾದರೂ ಇದ್ದೀರಾ?