ಬಿಗಿ ಮೇಸ್ತ್ರಿ ಮತ್ತು ಓವನ್ನಿನ ಉಸಿರು

ಬಿಗಿ ಮೇಸ್ತ್ರಿಯ ಮರಗೆಲಸದಲ್ಲಿ ಸಂದು ಎಂಬುದೇ ಇರಲಿಲ್ಲ. ಆತ ಮಾಡಿದ ಬೀರುವಿನ ಬಾಗಿಲು ಮುಚ್ಚಿತೆಂದರೆ ಒಳಗಿನ ಗಾಳಿ ಒಳಗೇ, ಹೊರಗಿನ ಗಾಳಿ ಹೊರಗೇ. ಕೆಲಸ ಮುಗಿದ ಮೇಲೆ ಮನೆಯವರನ್ನೆಲ್ಲ ಸಾಲಾಗಿ ನಿಲ್ಲಿಸಿ, ಕಿಟಕಿಯ ಪರದೆ ಎಳೆದು, ಉರಿಯುವ ಟಾರ್ಚನ್ನು ಬೀರುವಿನೊಳಗಿಟ್ಟು ಬಾಗಿಲು ಹಾಕುತ್ತಿದ್ದ. ಎಲ್ಲಾದರೂ ಬೆಳಕಿನ ಒಂದೆಳೆ ಕಂಡಿತೋ, ಮುಗಿಯಿತು ಕಥೆ! ಬಾಗಿಲು ಕಳಚಿ, ಉಳಿ ಹಿಡಿದು, ಮತ್ತೆ ಮೊದಲಿನಿಂದ. "ಪರವಾಗಿಲ್ಲ ಬಿಡಿ ಮೇಸ್ತ್ರಿ, ಒಳಗೆ ಇಡೋದು ಹಳೇ ಕಂಬಳಿ ತಾನೇ" ಎಂದು ಯಾರಾದರೂ ಬಾಯಿಬಿಟ್ಟರೆ ಅವರ ಮೇಲೇ ಎಗರುತ್ತಿದ್ದ.

"ಕಂಬಳಿ ನಿಮ್ಮದು. ಬೀರು ನನ್ನದು!"

ವಕೀಲರೊಬ್ಬರ ಮನೆಗೆ ಆತ ಮಾಡಿಕೊಟ್ಟ ಚಪ್ಪಲಿ ಪೆಟ್ಟಿಗೆಯಲ್ಲಿ ಮಳೆಗಾಲ ಮುಗಿಯುವಷ್ಟರಲ್ಲಿ ಬೂಟುಗಳಿಗೆಲ್ಲ ಬೂಷ್ಟು ಹಿಡಿದು ಹಸಿರು ಗಡ್ಡ ಬಂದಿತ್ತು. ವಕೀಲರು ಕೇಳಲು ಬಂದರು. ಕೋರ್ಟಿನಲ್ಲಿ ಯಾರಿಗೂ ಸೋಲದ ಮನುಷ್ಯ ಮೇಸ್ತ್ರಿಯ ಮುಂದೆ ಸೋತುಹೋದರು. "ಬೂಟು ಒಣಗಿಸಿ ಇಡಬೇಕು ಸ್ವಾಮಿ. ಪೆಟ್ಟಿಗೆ ಮೇಲೆ ತಪ್ಪು ಹೊರಿಸಬೇಡಿ" ಎಂದು ಆತ ಅವರಿಗೇ ಬುದ್ಧಿ ಹೇಳಿ ಕಳಿಸಿದ.

ಸ್ವಂತ ಮನೆಯಲ್ಲೂ ಅದೇ ಕಥೆ. ಮಲಗುವ ಕೋಣೆಯ ಗೋಡೆಯುದ್ದಕ್ಕೂ ನಿಂತ ಬಟ್ಟೆ ಬೀರು ಆತನ ಹೆಮ್ಮೆಯ ಕೂಸು. ಅದರಿಂದ ತೆಗೆದ ಸೀರೆ ಉಟ್ಟು ಹೊರಟರೆ ಪಕ್ಕದಲ್ಲಿ ನಿಂತವರು ಮೂಗು ಮುಚ್ಚಿಕೊಳ್ಳುತ್ತಿದ್ದರು, ಅಂಥ ಮುಗ್ಗಲು ವಾಸನೆ. ಹೆಂಡತಿ ಏನೂ ಹೇಳಲಿಲ್ಲ. ದಿನಾ ಉಡುವ ಸೀರೆಗಳನ್ನು ಮಡಿಸಿ ಕುರ್ಚಿಯ ಬೆನ್ನಿಗೆ ಹಾಕತೊಡಗಿದಳು. "ಕುರ್ಚಿ ಇರೋದು ಕೂರೋಕೆ" ಎಂದು ಈತ ಗೊಣಗಿದ. ಅವಳು ಆಗಲೂ ಏನೂ ಹೇಳಲಿಲ್ಲ. ಹಾಸ್ಟೆಲ್ಲಿನ ಅಡುಗೆಮನೆಯಲ್ಲಿ ಕೊಪ್ಪರಿಗೆಗಟ್ಟಲೆ ಬೇಯಿಸಿ, ಹಸಿದ ಹುಡುಗರ ಕೂಗಾಟ ಕೇಳಿ ಮನೆಗೆ ಬರುವವಳಿಗೆ ಇನ್ನೊಬ್ಬರ ಕೂಗು ಎಲ್ಲಿಂದ ನಾಟೀತು?

ಆ ಹೆಂಡತಿ ನಿವೃತ್ತಿಯಾದಾಗ ಅಡುಗೆಮನೆಯ ಹೆಂಗಸರೆಲ್ಲ ಸೇರಿ ಅವಳಿಗೊಂದು ಕರೆಂಟ್ ಓವನ್ ಉಡುಗೊರೆ ಕೊಟ್ಟರು. ಮೇಜಿನ ಮೇಲೆ ಇಡುವಂಥದ್ದಲ್ಲ, ಕಪಾಟಿನೊಳಗೇ ಕೂರುವಂಥದ್ದು. ವರ್ಷಾನುಗಟ್ಟಲೆ ಹಾಸ್ಟೆಲ್ಲಿನ ದೊಡ್ಡ ಓವನ್ನಿನಲ್ಲಿ ಬ್ರೆಡ್ ಬೇಯಿಸಿದವಳು, "ನನ್ನ ಮನೇಲೂ ಒಂದಿದ್ದಿದ್ರೆ" ಎಂದು ಯಾವತ್ತೋ ಅಂದಿದ್ದಳಂತೆ. ಆ ಮಾತು ಅವರ ನೆನಪಿನಲ್ಲಿತ್ತು. ಗಂಡನಿಗೆ ಅದು ಗೊತ್ತೇ ಇರಲಿಲ್ಲ. ಓವನ್ ಕೂರಿಸಿದ ಮೇಲೆ ಒಂದು ಭಾನುವಾರ ಎಲ್ಲರೂ ಮನೆಗೆ ಬರಬೇಕು, ಮೊದಲ ಬ್ರೆಡ್ಡು ಅವರ ಕೈಗೇ ಎಂದು ಅವಳು ಮಾತು ಕೊಟ್ಟುಬಂದಳು. ಅವಳು ಯಾರಿಗೂ ಮಾತು ಕೊಟ್ಟು ತಪ್ಪಿದವಳಲ್ಲ.

ಆದರೆ ಓವನ್ನು ರಟ್ಟಿನ ಪೆಟ್ಟಿಗೆಯಲ್ಲೇ ಹಜಾರದ ನಡುವೆ ಕೂತಿತು. ಮೇಸ್ತ್ರಿಗೆ ಮನಸ್ಸಿಗೊಪ್ಪುವ ಪ್ಲೈವುಡ್ ಸಿಗಬೇಕಲ್ಲ! ಊರಿನ ಅಂಗಡಿಗಳನ್ನೆಲ್ಲ ಜಾಲಾಡಿ, ಹಲಗೆಗಳನ್ನು ಬೆರಳಲ್ಲಿ ತಟ್ಟಿ ತಟ್ಟಿ ನೋಡಿ, ಬೈದು ವಾಪಸು ಬರುತ್ತಿದ್ದ. ಅಷ್ಟರಲ್ಲಿ ಆ ಪೆಟ್ಟಿಗೆಯ ಮೇಲೆ ಪೇಪರು, ಕನ್ನಡಕ, ಒಗೆದ ಬಟ್ಟೆ ಎಲ್ಲ ಸೇರಿಕೊಂಡವು. ಹೆಂಡತಿ ದಿನಾ ಅದರ ಧೂಳು ಒರೆಸುತ್ತಿದ್ದಳು. ಕೊನೆಗೂ ಕಪಾಟು ಎದ್ದಿತು. ನೋಡಿದವರು ಕಣ್ಣು ಕೀಳಬಾರದು, ಹಾಗಿತ್ತು. ಕೆಳಗೊಂದು ಡ್ರಾಯರು, ನಡುವೆ ಓವನ್ನಿನ ಗೂಡು, ಮೇಲೆ ಪಾತ್ರೆಯ ಖಾನೆ.

ಕರೆಂಟಿನ ಕೆಲಸಕ್ಕೆ ಬಂದವನು ಹೆಂಡತಿಯ ತಮ್ಮ. ಹಗಲಿರುಳೂ ಜೇಬಿನಲ್ಲಿ ಟೆಸ್ಟರ್ ಸಿಕ್ಕಿಸಿಕೊಂಡಿರುವುದರಿಂದ ಅವನ ಹೆಸರೇ ಟೆಸ್ಟರ್ ಎಂದಾಗಿತ್ತು. ಸ್ವಂತ ಮದುವೆಯ ಫೋಟೋದಲ್ಲೂ ಜೇಬಿನಲ್ಲಿ ಅದು ಇಣುಕುತ್ತದೆ. ಬಂದವನೇ ಮೇನ್ ಆಫ್ ಮಾಡಿದ. ಅಡುಗೆಮನೆಯ ಹಳೆಯ ವೈರಿನ ತಂಟೆಗೆ ಹೋಗದೆ, ಬೋರ್ಡಿನಿಂದಲೇ ದಪ್ಪನೆಯ ಬೇರೆ ಲೈನು ಎಳೆದ. ಅದಕ್ಕೆಂದೇ ಬೇರೆ ಟ್ರಿಪ್ ಸ್ವಿಚ್ಚು ಹಾಕಿದ. ಅರ್ಥಿಂಗ್ ಸರಿಯಿದೆಯೇ ಎಂದು ಮೀಟರು ಹಿಡಿದು ನೋಡಿದ. ಓವನ್ನಿನ ಸ್ವಿಚ್ಚನ್ನು ಅದರ ಬೆನ್ನ ಹಿಂದೆ ಹುದುಗಿಸದೆ, ಪಕ್ಕದ ಗೋಡೆಯ ಮೇಲೆ ಕೈಗೆಟುಕುವಂತೆ ಇಟ್ಟ.

"ಒಂದು ಪೆಟ್ಟಿಗೆಗೆ ಇಷ್ಟೊಂದು ಮೆರವಣಿಗೆನಾ? ಮಿಕ್ಸಿ ಪಕ್ಕ ಚುಚ್ಚಿ ಹೋಗೋ" ಎಂದ ಮೇಸ್ತ್ರಿ.

"ಚುಚ್ಚಬಹುದು ಭಾವ. ಆಮೇಲೆ ಮಿಕ್ಸಿ, ವೈರು, ನಿಮ್ಮ ಕಪಾಟು, ಎಲ್ಲಾ ಒಟ್ಟಿಗೇ ಹುರಿದುಬಿಡತ್ತೆ" ಎನ್ನುತ್ತಾ ಟೆಸ್ಟರ್ ಕಪಾಟಿನ ಗೂಡಿನೊಳಗೆ ತಲೆ ಹಾಕಿದ. ತಲೆ ಹೊರಗೆ ಬಂದಾಗ ಮುಖ ಸಪ್ಪಗಿತ್ತು. "ಅಲ್ಲಾ ಭಾವ, ಇದು ಉಸಿರಾಡೋದು ಎಲ್ಲಿಂದ?"

"ಯಾವುದು?"

"ಓವನ್ನು. ಕೂರೋ ಹಲಗೇಲಿ ಹಿಂದುಗಡೆ ಒಂದು ಸೀಳು ಬೇಕು, ಮೇಲಿನ ಹಲಗೇಲಿ ಇನ್ನೊಂದು. ಕೆಳಗಿಂದ ತಂಪು ಗಾಳಿ ಹೋಗಬೇಕು, ಮೇಲಿಂದ ಬಿಸಿ ಹೊರಗೆ ಬರಬೇಕು. ಪೆಟ್ಟಿಗೆ ಜೊತೆ ಬಂದ ಪುಸ್ತಕದಲ್ಲೇ ಚಿತ್ರ ಹಾಕಿದಾರೆ ನೋಡಿ."

"ಚಿತ್ರ ಬರೆದವನು ಉಳಿ ಹಿಡಿದಿದಾನೇನೋ? ನನ್ನ ಕಪಾಟಿಗೆ ತೂತು ಮಾಡು ಅಂತೀಯಾ? ಅದರಲ್ಲಿ ಬೆಂಕಿ ಇಲ್ಲ, ಹೊಗೆ ಇಲ್ಲ, ಅದಕ್ಕೆಂಥಾ ಉಸಿರು?"

"ಹಾಗಾದ್ರೆ ಲೈನು ಕೊಡಲ್ಲ" ಎಂದು ಟೆಸ್ಟರ್ ಸಾಮಾನು ಚೀಲಕ್ಕೆ ತುಂಬತೊಡಗಿದ.

ಬಾಗಿಲಲ್ಲಿ ನಿಂತಿದ್ದ ಹೆಂಡತಿ ಗಂಡನ ಮುಖ ನೋಡಿದಳು. "ಭಾನುವಾರ ಅವರೆಲ್ಲ ಬರ್ತಾರೆ" ಎಂದಳು. ಅಷ್ಟೇ.

ಮೇಸ್ತ್ರಿ ಹಲ್ಲು ಕಚ್ಚಿಕೊಂಡು ಎರಡೂ ಸೀಳು ಕೊರೆದ. ಕೊರೆಯುವಾಗ ಯಾರೋ ತನ್ನ ಹಲ್ಲು ಕೀಳುತ್ತಿರುವಂತೆ ಮುಖ ಹಿಂಡುತ್ತಿದ್ದ. ಭಾವ, ಭಾಮೈದ ಇಬ್ಬರೂ ಸೇರಿ ಓವನ್ನನ್ನು ಎತ್ತಿದರು. ಮೇಸ್ತ್ರಿ ಬಾಗಿಲ ಹಿಡಿಗೆ ಕೈ ಹಾಕಿದ್ದಕ್ಕೆ ಟೆಸ್ಟರ್ "ಅದು ತೆಗೆಯೋ ಹಿಡಿ ಭಾವ, ಎತ್ತೋ ಹಿಡಿ ಅಲ್ಲ! ಪಕ್ಕ ಹಿಡೀರಿ" ಎಂದು ಗದರಿದ. ಗೂಡಿಗೆ ತಳ್ಳಿ, ಎರಡು ಪಕ್ಕಕ್ಕೂ ಸ್ಕ್ರೂ ಬಿಗಿದು, ಮಟ್ಟ ನೋಡಿ, ಲೈನು ಕೊಟ್ಟು, ಹೊಸದರ ವಾಸನೆ ಹೋಗಲೆಂದು ಸ್ವಲ್ಪ ಹೊತ್ತು ಬರಿದೇ ಕಾಯಿಸಿದರು. ಒಳಗಿನ ಫ್ಯಾನು ಸುಯ್ಯೆಂದಿತು. ಎಲ್ಲ ಸರಿಯಾಗಿತ್ತು. ಹೆಂಡತಿ ಅದರ ಗಾಜನ್ನು ಸೆರಗಿನಿಂದ ಒರೆಸಿ, ತನ್ನ ಮುಖ ತಾನೇ ನೋಡಿಕೊಂಡು ನಕ್ಕಳು.

ಅಲ್ಲಿಗೆ ಕಥೆ ಮುಗಿಯಬೇಕಿತ್ತು. ಆದರೆ ಮರುದಿನ ಹೆಂಡತಿ ಹಿಟ್ಟು ತರಲು ಹೋದಾಗ ಮೇಸ್ತ್ರಿ ಟಾರ್ಚ್ ಹಿಡಿದು ಅಡುಗೆಮನೆಗೆ ಬಂದ. ಡ್ರಾಯರ್ ಕಳಚಿ, ಟಾರ್ಚನ್ನು ಅಲ್ಲಿಟ್ಟು, ಮೇಲಿನ ಖಾನೆಯ ಬಾಗಿಲು ತೆಗೆದು ನೋಡಿದ. ಒಳಗೆ ಬೆಳಕು! ತನ್ನ ಕಪಾಟಿನಲ್ಲಿ ಬೆಳಕು! ಊರಿಗೆಲ್ಲ ಬೀರು ಮಾಡಿಕೊಟ್ಟವನ ಮನೆಯಲ್ಲಿ, ಅದೂ ಅಡುಗೆಮನೆಯಲ್ಲಿ, ಅದೂ ಆ ಟೆಸ್ಟರನ ಮಾತು ಕೇಳಿ! ಓವನ್ನಿಗೆ ಉಸಿರು ಬೇಕಂತೆ. ಅದೇನು ಎಮ್ಮೆಯೇ?

ಅದೇ ಪ್ಲೈವುಡ್ಡಿನ ತುಂಡಿನಲ್ಲಿ ಎರಡು ಪಟ್ಟಿ ಕೊಯ್ದ. ಅಂಚು ಉಜ್ಜಿದ. ಅಂಟು ಸವರಿ, ಮೇಲಿನಿಂದ ಒಂದು, ಕೆಳಗಿನಿಂದ ಒಂದು, ಸುತ್ತಿಗೆಯಲ್ಲಿ ಮೆಲ್ಲಗೆ ತಟ್ಟಿ ಕೂರಿಸಿದ. ಪಟ್ಟಿ ಕೂತ ಜಾಗವನ್ನು ಆಮೇಲೆ ಬೆರಳಿಂದ ತಡವಿದರೆ ಅವನಿಗೇ ಗುರುತು ಸಿಗಲಿಲ್ಲ. ಜೀವಮಾನದಲ್ಲಿ ಅಷ್ಟು ಚೆನ್ನಾಗಿ ಅವನು ಯಾವುದನ್ನೂ ಮುಚ್ಚಿರಲಿಲ್ಲ. ನೋಡಲು ಯಾರೂ ಇರಲಿಲ್ಲ ಎಂಬುದೊಂದೇ ಕೊರಗು.

ಆ ಕೊರಗನ್ನು ಭಾನುವಾರ ತೀರಿಸಿಕೊಂಡ. ಹಾಸ್ಟೆಲ್ಲಿನ ಹೆಂಗಸರು ಬಂದು ಕೂತಿದ್ದರು. ಹೆಂಡತಿ ನಾದಿದ ಹಿಟ್ಟನ್ನು ಉಬ್ಬಲು ಬಿಟ್ಟು ತಟ್ಟೆ ತೊಳೆಯುತ್ತಿದ್ದಳು. ಮೇಸ್ತ್ರಿ ಎಲ್ಲರನ್ನೂ ಅಡುಗೆಮನೆಗೆ ಕರೆದು, ಪರದೆ ಎಳೆದು, ಡ್ರಾಯರ್ ತೆಗೆದು ಟಾರ್ಚ್ ಇಟ್ಟು, ಮೇಲಿನ ಖಾನೆ ತೆರೆದ. ಕತ್ತಲೆ.

"ನೋಡಿ! ಒಂದೆಳೆ ಬೆಳಕು ಬರ್ತಿದ್ಯಾ?"

"ಇಲ್ಲಪ್ಪ!" ಎಂದಳು, ಎಲ್ಲರೂ ದೊಡ್ಡಕ್ಕ ಎಂದು ಕರೆಯುವ ಹಿರಿಯ ಅಡುಗೆಯಾಕೆ. "ನಮ್ಮ ಉಗ್ರಾಣಕ್ಕೆ ನಿಮ್ಮನ್ನೇ ಕರೀಬೇಕಿತ್ತು ಮೇಸ್ತ್ರಿಗಳೇ. ಇಲಿಗಳು ಅಡ್ರೆಸ್ಸು ಕೇಳಿಕೊಂಡು ವಾಪಸ್ ಹೋಗ್ತಿದ್ವು."

ಹೆಂಡತಿ ತಟ್ಟೆ ತೊಳೆಯುವುದನ್ನು ನಿಲ್ಲಿಸಿ ಒಮ್ಮೆ ಮೇಲಿನ ಖಾನೆಯ ಕಡೆ ನೋಡಿದಳು, ಮತ್ತೆ ತೊಳೆದಳು.

ಬ್ರೆಡ್ಡು ಒಳಗೆ ಹೋಯಿತು. ಮನೆಯೆಲ್ಲ ಘಮ್ಮೆಂದಿತು. ಹೆಂಗಸರು ಹಳೆಯ ವಾರ್ಡನ್ನನ್ನು ಆಡಿಕೊಂಡು ನಗುತ್ತಿದ್ದರು. ಸ್ವಲ್ಪ ಹೊತ್ತಿಗೆ ಆ ಘಮದೊಳಗೆ ಇನ್ನೊಂದು ವಾಸನೆ ಸೇರಿತು, ಬಡಗಿಯ ಅಂಗಡಿಯಲ್ಲಿ ಬರುವಂಥದ್ದು. ಗೂಡಿನ ಮುಂದಿನ ಅಂಚಿಗೆ ಅಂದಕ್ಕೆಂದು ಅಂಟಿಸಿದ್ದ ತೆಳು ಹಾಳೆ ಬಾಳೆಸಿಪ್ಪೆಯಂತೆ ಸುರುಳಿ ಸುತ್ತಿಕೊಂಡಿತು. ಆಮೇಲೆ ಓವನ್ನು ತಾನಾಗಿ ಆರಿಹೋಯಿತು. ಗಾಜಿನ ಹಿಂದೆ ಬ್ರೆಡ್ಡು, ಮೇಲೆ ಬಿಳುಚಿ, ನಡುವೆ ಕುಸಿದು ಕೂತಿತ್ತು. ಹೆಂಡತಿ ಅದರ ಮುಂದೆ ನಿಂತೇ ಇದ್ದಳು. ಅವಳ ಕೈಯಲ್ಲಿದ್ದ ಮಸಿಬಟ್ಟೆ ಹಿಂಡಿ ಹಿಂಡಿ ಹಗ್ಗವಾಗಿತ್ತು.

ಮೇಸ್ತ್ರಿ ಫೋನಿನಲ್ಲಿ ಗುಡುಗಿದ. "ಲೋ ಟೆಸ್ಟರ್! ಏನೋ ಹಾಕಿದೀಯ ವೈರು? ನೆಂಟರ ಮುಂದೆ ಮರ್ಯಾದೆ ತೆಗೆದ್ಯಲ್ಲೋ! ಬಾ ಇಲ್ಲಿ!"

"ಮೊದಲು ಸ್ವಿಚ್ ಆಫ್ ಮಾಡಿ. ಏನನ್ನೂ ಮುಟ್ಟಬೇಡಿ. ಬಂದೆ" ಎಂದಿತು ಅತ್ತಲಿನ ದನಿ.

ಬಂದವನು ಬೋರ್ಡಿನಲ್ಲೂ ಲೈನು ತೆಗೆದ. ಓವನ್ನು ತಣ್ಣಗಾಗುವವರೆಗೆ ಮುಟ್ಟಲೂ ಬಿಡಲಿಲ್ಲ. ಮೇಸ್ತ್ರಿ ಅಷ್ಟು ಹೊತ್ತೂ ಅವನ ವೈರನ್ನು, ಅವನ ವಂಶವನ್ನು ಬೈಯುತ್ತಲೇ ಇದ್ದ. ಆ ವಂಶದ ಮಗಳೊಬ್ಬಳು ಪಕ್ಕದಲ್ಲೇ ನಿಂತಿದ್ದಾಳೆಂಬುದು ಅವನಿಗೆ ಹೊಳೆಯಲಿಲ್ಲ. ಕೊನೆಗೆ ಸ್ಕ್ರೂ ತೆಗೆದು, ಇಬ್ಬರೂ ಪಕ್ಕ ಹಿಡಿದು ಹೊರಗೆಳೆದರು. ಟೆಸ್ಟರ್ ಮೀಟರು ಹಿಡಿದ. ವೈರು ಸರಿ, ಅರ್ಥಿಂಗ್ ಸರಿ. ಗೂಡಿನೊಳಗೆ ತಲೆ ಹಾಕಿದ. ಹೊರಗೆ ತೆಗೆದು ಮತ್ತೆ ಹಾಕಿದ. ಕೈಯಿಂದ ತಡವಿದ.

"ಭಾವ, ಇಲ್ಲಿ ಒಂದು ಸೀಳು ಇತ್ತಲ್ಲ?"

ಮೇಸ್ತ್ರಿ ಸೂರು ನೋಡಿದ.

"ನಾನೇ ನಿಂತು ಕೊರೆಸಿದ್ದೆ. ನನಗೇನು ತಲೆ ಕೆಟ್ಟಿದೆಯಾ?"

"ಸೀಳಾ?" ದೊಡ್ಡಕ್ಕ ಮುಂದೆ ಬಂದಳು. "ಸೀಳೆಲ್ಲಿಂದ ಬರಬೇಕಪ್ಪ? ಒಂದೆಳೆ ಬೆಳಕು ಬರಲ್ಲ ಅಂತ ಬೆಳಗ್ಗೆ ತಾನೇ ಟಾರ್ಚ್ ಹಾಕಿ ತೋರಿಸಿದ್ರು!"

ಟೆಸ್ಟರ್ ಭಾವನನ್ನು ನೋಡಿದ. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹೆಂಡತಿ ಮಾತ್ರ ಯಾರನ್ನೂ ನೋಡದೆ, ಬೇಯದ ಬ್ರೆಡ್ಡನ್ನು ತಟ್ಟೆಯಿಂದ ಕೆರೆದು ಹಾಕುತ್ತಾ ಹೇಳಿದಳು: "ಉಸಿರು ಕಟ್ಟಿಸೋದು ಇವರಿಗೆ ಮೊದಲಿಂದ ಅಭ್ಯಾಸ."

ಇಷ್ಟು ವರ್ಷದಲ್ಲಿ ಅವಳು ನಾಲ್ಕು ಜನರ ಮುಂದೆ ಗಂಡನ ಮೇಲೆ ಆಡಿದ ಮೊದಲ ಮಾತು ಅದು. ಮೇಸ್ತ್ರಿ ಹೋಗಿ ಉಳಿ ತಂದು, ಪಟ್ಟಿ ಕಿತ್ತೆಸೆಯುವೆನೆಂದು ಗೂಡಿನೊಳಗೆ ಬಗ್ಗಿದ. ಕೀಳುವುದೆಲ್ಲಿಂದ ಬಂತು? ಉಳಿಯ ಮೊನೆ ತೂರಿಸಲು ಒಂದು ಕೂದಲಿನಷ್ಟಾದರೂ ಜಾಗ ಬೇಕಲ್ಲ! ಬಿಗಿ ಮೇಸ್ತ್ರಿಯ ಕೆಲಸ ಅದು. ಹೊಡೆದ, ಮೀಟಿದ, ಬೈದ. ಪಟ್ಟಿ ಅಲುಗಲಿಲ್ಲ.

"ನಿಮ್ಮ ಕೆಲಸ ಭಾರೀ ಗಟ್ಟಿ ಮೇಸ್ತ್ರಿಗಳೇ" ಎಂದಳು ದೊಡ್ಡಕ್ಕ, ನಗದೆ. ನಕ್ಕಿದ್ದರೆ ಅಷ್ಟು ಉರಿಯುತ್ತಿರಲಿಲ್ಲ.

ಕೊನೆಗೆ ಗರಗಸವೇ ಬೇಕಾಯಿತು. ಮಂಡಿಯೂರಿ, ಅರ್ಧ ದೇಹ ಗೂಡಿನೊಳಗೆ ತೂರಿಸಿ, ಗೆರೆಯಿಲ್ಲ, ಅಳತೆಯಿಲ್ಲ, ಕೈ ಹೋದ ಕಡೆ ಕೊಯ್ದ. ಇಲಿ ಕಡಿದಂಥ ಎರಡು ತೂತು ಬಿದ್ದವು. ಅಂಚು ಉಜ್ಜಲು ಹೊರಟವನನ್ನು ಹೆಂಡತಿ ತಡೆದಳು. "ಸಾಕು ಬಿಡಿ. ಅದು ನೋಡೋಕಲ್ಲ. ಉಳಿದ ಹಿಟ್ಟು ಉಬ್ಬಿ ಕೂತಿದೆ."

ಹೊಟ್ಟು ಒರೆಸಿ, ಓವನ್ನನ್ನು ಮತ್ತೆ ಕೂರಿಸಿ, ಸ್ಕ್ರೂ ಬಿಗಿದು, ಟೆಸ್ಟರ್ ಎಲ್ಲವನ್ನೂ ಇನ್ನೊಮ್ಮೆ ನೋಡಿ ಲೈನು ಕೊಟ್ಟ. ಫ್ಯಾನು ಸುಯ್ಯೆಂದಿತು. ಹೆಂಡತಿ ಮೇಲಿನ ಖಾನೆಯ ಬಾಗಿಲನ್ನು ಬೆರಳಷ್ಟು ತೆರೆದು ಅಂಗೈ ಒಡ್ಡಿದಳು. ಬೆಚ್ಚನೆಯ ಗಾಳಿ ಹೊರಗೆ ಬರುತ್ತಿತ್ತು. "ಈ ಬಾಗಿಲ ಮೇಲಂಚಲ್ಲೂ ಒಂದು ಸಂದು ಕೊಯ್ಯಬೇಕು ಭಾವ. ಅಲ್ಲೀವರೆಗೆ ಮುಚ್ಚಬೇಡಿ" ಎಂದ ಟೆಸ್ಟರ್. ಮೇಸ್ತ್ರಿ ಆ ಬಾಗಿಲನ್ನೇ ಕಳಚಿ ಗೋಡೆಗೆ ಒರಗಿಸಿದ.

ಬ್ರೆಡ್ಡು ಉಬ್ಬಿ, ಹೊನ್ನಿನ ಬಣ್ಣಕ್ಕೆ ತಿರುಗಿ ಹೊರಬಂತು. ಹೆಂಗಸರು ಬಿಸಿಯಿದ್ದಾಗಲೇ ಮುರಿದು ತಿಂದರು. ಬ್ರೆಡ್ಡನ್ನು ಹೊಗಳಿದರು, ಓವನ್ನನ್ನು ಹೊಗಳಿದರು, ಟೆಸ್ಟರನನ್ನೂ ಹೊಗಳಿದರು. ಕಪಾಟಿನ ಸುದ್ದಿಯನ್ನು ಯಾರೂ ಎತ್ತಲಿಲ್ಲ. ಅದು ಮರ್ಯಾದೆಯೋ ಮರೆವೋ, ಮೇಸ್ತ್ರಿಗೆ ತಿಳಿಯಲಿಲ್ಲ. ಹೊರಡುವಾಗ ದೊಡ್ಡಕ್ಕ ಮಾತ್ರ, "ಉಗ್ರಾಣದ ಬಾಗಿಲಿಗೆ ಬೇರೆಯವರನ್ನ ನೋಡ್ತೀವಿ" ಎಂದು ಹೇಳಿಯೇ ಚಪ್ಪಲಿ ಮೆಟ್ಟಿದಳು.

ಎಲ್ಲರೂ ಹೋದ ಮೇಲೆ ಹೆಂಡತಿ ಬ್ರೆಡ್ಡಿನ ಕೊನೆಯ ಚೂರನ್ನು ತಟ್ಟೆಯಲ್ಲಿ ತಂದು ಗಂಡನ ಮುಂದಿಟ್ಟಳು. ಅದರ ಪಕ್ಕದಲ್ಲಿ ಗರಗಸವನ್ನೂ ಇಟ್ಟಳು.

"ಇದ್ಯಾಕೆ?"

"ಕೈ ಹೇಗೂ ಪಳಗಿದೆಯಲ್ಲ. ಹಾಗೇ ಆ ಬಟ್ಟೆ ಬೀರೂನೂ ಒಂದು ನೋಡಿಬಿಡಿ. ನನ್ನ ಸೀರೆಗಳೂ ಸ್ವಲ್ಪ ಉಸಿರಾಡಲಿ."

ಮೇಸ್ತ್ರಿಯ ಮೂಗಿನ ಹೊಳ್ಳೆ ಅರಳಿತು. ಬ್ರೆಡ್ಡಿನ ಚೂರನ್ನು ಬಾಯಿಗಿಟ್ಟುಕೊಂಡು, ಜಗಿಯುವವರೆಗೂ ಸಿಟ್ಟನ್ನು ತಡೆದುಕೊಂಡ. ನುಂಗುವಷ್ಟರಲ್ಲಿ ಅದು ಎಲ್ಲಿ ಹೋಯಿತೋ ಸಿಗಲಿಲ್ಲ. ಗರಗಸ ಎತ್ತಿಕೊಂಡು ಎದ್ದ. ಕೋಣೆಯ ಬಾಗಿಲಲ್ಲಿ ನಿಂತು, ಹಳೆಯ ಗತ್ತು ಬಿಡಲಾರದೆ, "ಟಾರ್ಚ್ ಎಲ್ಲಿ?" ಎಂದು ಗದರಿದ.

"ಅದರ ಸೆಲ್ಲು ತೆಗೆದು ಗಡಿಯಾರಕ್ಕೆ ಹಾಕಿದೀನಿ" ಎಂದಳು ಹೆಂಡತಿ, ಕುರ್ಚಿಯ ಮೇಲಿನ ಸೀರೆಗಳನ್ನು ಎತ್ತಿ ಮಡಿಲಿಗಿಟ್ಟುಕೊಂಡು ಕೂರುತ್ತಾ.