ಯಾವ ಗುಲಾಬಿ ನಿಜ?

ಚಿಕ್ಕಮಗಳೂರಿನಲ್ಲಿ ಪ್ರೇಮಕುಮಾರಿಯವರ ಮ್ಯಾಚಿಂಗ್ ಸೆಂಟರ್‌ಗೆ ಸೀರೆ ಹೊತ್ತುಕೊಂಡೇ ಹೋಗಬೇಕೆಂದಿರಲಿಲ್ಲ. "ಹಲಸಿನ ತೊಳೆ ಬಣ್ಣ, ಸ್ವಲ್ಪ ಹಣ್ಣಾಗಿದ್ದು" ಎಂದರೆ ಸಾಕು, ಸರಿಯಾದ ಬ್ಲೌಸ್ ಪೀಸನ್ನೇ ಎಳೆದು ಮುಂದಿಡುತ್ತಿದ್ದರು. ಗಂಡ ತೀರಿಕೊಂಡ ಮೇಲೆ ಶುರುಮಾಡಿದ ಅಂಗಡಿ ಆ ಕಣ್ಣಿನ ಮೇಲೇ ನಿಂತಿತ್ತು.

ಇತ್ತೀಚೆಗೆ ಅರೆತಲೆನೋವು ಹೆಚ್ಚಿ, ಮೊಬೈಲಿನ ಬೆಳಕು ಬಿದ್ದರೆ ಹೊಟ್ಟೆ ತೊಳಸುತ್ತಿತ್ತು. ತಂಗಿ ಶಿಲ್ಪಾ ಬಣ್ಣದ ಇ-ಪೇಪರ್ ಟ್ಯಾಬ್ ತಂದುಕೊಟ್ಟಳು. ಥೇಟ್ ಕಾಗದದಂಥ ಪರದೆ, ತಾನಾಗಿ ಬೆಳಕು ಸೂಸದ್ದರಿಂದ ಕಣ್ಣಿಗೆ ಚುಚ್ಚುತ್ತಿರಲಿಲ್ಲ. ಬಾಳೂರಿನ ಗಿರಾಕಿ ತನುಜಾ ತನ್ನ ಮಗಳ ನಿಶ್ಚಿತಾರ್ಥದ ಸೀರೆಯ ಫೋಟೊ ಕಳಿಸಿದಾಗ ಅದರಲ್ಲೇ ನೋಡಿ, ಬಾಡಿದ ಗುಲಾಬಿ ಬಣ್ಣದ ಬಟ್ಟೆ ಕತ್ತರಿಸಿಟ್ಟರು.

ತನುಜಾ ಸೀರೆ ಹಿಡಿದು ಬಂದರೆ, ಅದು ಕಣ್ಣು ಕುಕ್ಕುವ ಗುಲಾಬಿ, ರಾಣಿ ಬಣ್ಣ!

"ಇದೇನಕ್ಕ, ನಿಮ್ಮ ಕೈಯಲ್ಲೂ ಹಿಂಗಾಯ್ತಾ?"

ಪ್ರೇಮಕುಮಾರಿ ಕತ್ತರಿಸಿದ ಬಟ್ಟೆಯನ್ನು ಸೀರೆಯ ಪಕ್ಕಕ್ಕಿಟ್ಟು ನೋಡಿದರು. ಕಣ್ಣೇ ಕೈಕೊಟ್ಟಿತೇ? ಸೀರೆಯನ್ನು ಇಟ್ಟುಕೊಂಡು, ಸಂಜೆ ಅದನ್ನೂ ಟ್ಯಾಬನ್ನೂ ಹಿಡಿದು ತಂಗಿಯ ಮನೆಗೆ ಹೋದರು.

ಶಿಲ್ಪಾಳ ಗಂಡ ವಿಶ್ವನಾಥ್ ಕಾಲೇಜಿನಲ್ಲಿ ಎಲೆಕ್ಟ್ರಾನಿಕ್ಸ್ ಮೇಷ್ಟರು. ತಮ್ಮ ಬಳಿಯಿದ್ದ ಇನ್ನೊಂದು ಇ-ಪೇಪರ್ ಟ್ಯಾಬ್‌ನಲ್ಲೂ ಅದೇ ಫೋಟೊ ತೆರೆದರು. ಆ ಪರದೆ ಕೆಲಹೊತ್ತು ಮಿಟುಕಾಡಿ, ಆಮೇಲೆ ಗಾಢ ಗುಲಾಬಿ ತೋರಿಸಿತು.

"ಎರಡೂ ಇ-ಪೇಪರ್ರು, ಎರಡೂ ಕಲರ್ರು. ಮತ್ತೆ ಹಿಂಗ್ಯಾಕೆ?" ಪ್ರೇಮಕುಮಾರಿ ಕೇಳಿದರು.

"ನಿಮ್ಮದ್ರಲ್ಲಿ ಕೆಳಗಿರೋದು ಬರೀ ಕಪ್ಪು-ಬಿಳಿ ಕಣ ಅಕ್ಕ. ಮೇಲೆ ಕೆಂಪು, ಹಸಿರು, ನೀಲಿ ಸೋಸುಪದರ, ಫಿಲ್ಟರ್ ಅಂತಾರಲ್ಲ, ಅದು. ಬೆಳಕು ಅದನ್ನ ದಾಟಿ ಹೋಗಿ ವಾಪಸ್ ಬರೋಷ್ಟರಲ್ಲಿ ಬಣ್ಣ ಮಂಕಾಗುತ್ತೆ. ಪುಟ ಮಾತ್ರ ಬೇಗ ಬರುತ್ತೆ."

"ಇದ್ರಲ್ಲಿ?"

"ಇದಕ್ಕೆ ಸೋಸುಪದರ ಇಲ್ಲ. ಬಿಳಿ ಕಣದ ಜೊತೆ ಬಣ್ಣಬಣ್ಣದ ಕಣಗಳೇ ಇವೆ. ಬೇಕಾದ್ದು ಮೇಲೆ ಬರ್ಬೇಕು, ಬೇಡದ್ದು ಕೆಳಗಿಳೀಬೇಕು. ಅದಕ್ಕೇ ನಿಧಾನ."

"ಹಂಗಾದ್ರೆ ಇದೇ ನಿಜವಾದ ಬಣ್ಣ?"

"ಅದೂ ಅಲ್ಲ ಅಕ್ಕ. ಹತ್ತಿರದ್ದು, ಅಷ್ಟೇ."

ಪ್ರೇಮಕುಮಾರಿ ಸೀರೆಯನ್ನು ಎರಡರ ಪಕ್ಕಕ್ಕೂ ಹಿಡಿದರು. "ಮೂರೂ ಬೇರೆ ಬೇರೆ," ಎಂದರು. ಕಿಟಕಿಯ ಬಳಿ ಒಯ್ದರೆ ಸೀರೆಯೇ ನಾಲ್ಕನೆಯ ಬಣ್ಣವಾಗಿ ಕಂಡಿತು. ಅರ್ಥವಾಯಿತೆಂದುಕೊಂಡದ್ದೂ ಕಲಸಿಹೋಯಿತು.

"ಕಣ್ಣು ಸರಿಯಿದೆ ತಾನೇ ನಂದು?"

"ಮೂರೂ ಬೇರೆ ಅಂತ ಹೇಳಿದ್ದು ಯಾರು ಮತ್ತೆ?" ಎಂದಳು ಶಿಲ್ಪಾ.

ಮರುದಿನ ಅಂಗಡಿಯ ಬಾಗಿಲಲ್ಲಿ, ಬಿಸಿಲಿಗೆ ಸೀರೆ ಹರವಿ ಹೊಸ ಬಟ್ಟೆ ಹೊಂದಿಸಿದರು. ಕೂಡಿಬಂತು. ತನುಜಾ ಖುಷಿಯಾಗಿ ಒಯ್ದಳು. ಟ್ಯಾಬ್ ಓದಲಿಕ್ಕೆ ಉಳಿಯಿತು. ಇನ್ನು ಮೇಲೆ ಫೋಟೊ ಬೇಡ, ಸೆರಗಿನ ಎಳೆಯೊಂದನ್ನು ಬಸ್ಸಿಗೆ ಕೊಟ್ಟು ಕಳಿಸಿ ಎಂದು ಗಿರಾಕಿಗಳಿಗೆಲ್ಲ ಹೇಳಿದರು. ಆದರೂ ಕೈ ಬಿಡುವಾದಾಗ ತಂಗಿಗೆ ಫೋನ್ ಮಾಡುತ್ತಾರೆ: "ಗುಲಾಬಿ ಮೇಲೆ ಬಂದಾಗ ಆ ಬಿಳಿ ಕಣ ಎಲ್ಲಿ ಹೋಗುತ್ತೆ, ನಿಮ್ಮೆಜಮಾನ್ರನ್ನ ಇನ್ನೊಂದ್ಸಲ ಕೇಳಿ ಹೇಳೇ."